ಉತ್ತರ ಎರಡು, ಹೊಲ ಒಂದು

ಹತ್ತನೆಯ ತರಗತಿಯ ಗಣಿತದಲ್ಲಿ ವರ್ಗ ಸಮೀಕರಣ ಎಂಬುದೊಂದು ಪಾಠವಿದೆ. ಸಮೀಕರಣವನ್ನು ಬರೆದೇ ಕೊಟ್ಟು ‘ಬಿಡಿಸಿ’ ಅಂದರೆ ನಮ್ಮ ಹಳ್ಳಿಯ ಮಕ್ಕಳು ಹಿಂದೆ ಬೀಳುವುದಿಲ್ಲ. ಅಪವರ್ತನ ಮಾಡುತ್ತಾರೆ, ಸೂತ್ರ ಹಾಕುತ್ತಾರೆ, ಸರಸರ ಉತ್ತರ ತೆಗೆಯುತ್ತಾರೆ. ಅದೇ ಲೆಕ್ಕ ‘ಒಂದು ಆಯತಾಕಾರದ ಜಮೀನಿನ ಉದ್ದವು ಅದರ ಅಗಲಕ್ಕಿಂತ...’ ಎಂದು ಶುರುವಾದರೆ ಪೆನ್ನು ನಿಂತುಬಿಡುತ್ತದೆ. ‘ಸರ್, ಹೇಳಿಕಿ ಲೆಕ್ಕ ಒಂದು ಬಿಟ್ಟು ಏನರ ಕೇಳ್ರಿ’ ಎನ್ನುತ್ತಾರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಶಾಲೆಗಳಲ್ಲಿ ಗಣಿತ ಕಲಿಸಿದ ಮಾಸ್ತರರೆಲ್ಲ ಈ ಮಾತು ಕೇಳಿದವರೇ.

ಇದರಲ್ಲಿ ವಿಚಿತ್ರವೇನೆಂದರೆ, ಹೊಲ, ಒಡ್ಡು, ಬೇಲಿ, ಹೊಂಡ ಇವನ್ನೆಲ್ಲ ದಿನಾ ನೋಡುವ ಮಕ್ಕಳು ಹೊಲದ ಲೆಕ್ಕಕ್ಕೇ ಹೆದರುತ್ತಾರೆ. ನಿಜವಾಗಿ ನೋಡಿದರೆ ಈ ಲೆಕ್ಕಗಳಲ್ಲಿ ಮುಂದೆ ಇರಬೇಕಾದವರು ಅವರೇ. ಯಾಕೆ ಎಂಬುದನ್ನು ನಾಲ್ಕು ಲೆಕ್ಕ ಮಾಡಿಯೇ ತೋರಿಸುತ್ತೇನೆ. ಕೈಗೆ ಹಾಳಿ, ಪೆನ್ಸಿಲ್ ಸಿಕ್ಕರೆ ಸರಿ. ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದರೂ ನಡೆದೀತು.

ಮೊದಲು ಅಳತೆಯ ಮಾತು. ನಮ್ಮ ಧಾರವಾಡ ಜಿಲ್ಲೆ ಹಿಂದೆ ಮುಂಬಯಿ ಪ್ರಾಂತದಲ್ಲಿತ್ತು. 19ನೆಯ ಶತಮಾನದ ನಡುವಿನಲ್ಲಿ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಈ ಭಾಗದ ಹೊಲಗಳ ಮೋಜಣಿ ನಡೆಯಿತು. ಮುಂಬಯಿ ಪ್ರಾಂತದ ಮೋಜಣಿಗೆ ಬಳಸಿದ ಸರಪಳಿ 33 ಅಡಿ ಉದ್ದದ್ದು, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ನೆಲವೇ ಒಂದು ಗುಂಟೆ. 33ನ್ನು 33ರಿಂದ ಗುಣಿಸಿದರೆ 1089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ ಒಂದು ಎಕರೆ. ಇವತ್ತಿಗೂ ನಿಮ್ಮ ಉತಾರದಲ್ಲಿ ಎಕರೆ, ಗುಂಟೆ, ಆಣೆ ಎಂದೇ ಇರುತ್ತದೆ. ಅಂದರೆ ನಮ್ಮ ರೈತರ ಅಳತೆಯಲ್ಲೇ ವರ್ಗ ಕೂತುಬಿಟ್ಟಿದೆ.

ಈಗ 10 ಸರಪಳಿ ಚೌಕದ ಹೊಲ ಎಷ್ಟಾಯಿತು? 100 ಗುಂಟೆ, ಅಂದರೆ ಎರಡೂವರೆ ಎಕರೆ. 20 ಸರಪಳಿ ಚೌಕದ ಹೊಲ? ಐದು ಎಕರೆ ಅನ್ನುವವರು ಬಹಳ ಮಂದಿ. ಅಲ್ಲ, 400 ಗುಂಟೆ, ಹತ್ತು ಎಕರೆ. ಬದಿ ಎರಡು ಪಟ್ಟಾದರೆ ಬೇಲಿ ಎರಡು ಪಟ್ಟು ಸಾಕು. ನೆಲ ನಾಲ್ಕು ಪಟ್ಟಾಗುತ್ತದೆ. ಎಲ್ಲಿ ಸರಳ ಸಮೀಕರಣ, ಎಲ್ಲಿ ವರ್ಗ ಸಮೀಕರಣ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಗೊತ್ತಿಲ್ಲದ ಅಳತೆಯನ್ನು ‘ಕ್ಷ’ ಎಂದು ಕರೆಯೋಣ. ಲೆಕ್ಕ ಬೇಲಿಯ ಮಾತಾಡಿದರೆ ಕ್ಷ ಬರುತ್ತದೆ. ನೆಲದ ಮಾತಾಡಿದರೆ ಕ್ಷ ವರ್ಗ ಬರುತ್ತದೆ. ಒಂದೇ ಹೊಲದ ಬೇಲಿ ಮತ್ತು ನೆಲ ಎರಡನ್ನೂ ಒಟ್ಟಿಗೆ ಹೇಳಿ ಬದಿ ಕೇಳಿದರೆ ವರ್ಗ ಸಮೀಕರಣ ತಾನಾಗಿಯೇ ಹುಟ್ಟುತ್ತದೆ.

ಮೊದಲನೆಯ ಲೆಕ್ಕ ನವಲಗುಂದದ್ದು. ನವಲಗುಂದದ ಜಮಖಾನೆ ನಿಮಗೆಲ್ಲ ಗೊತ್ತು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಹೆಣ್ಣುಮಕ್ಕಳು ನೂಲಿನಲ್ಲಿ ನೇಯುವ ಹಾಸು ಅದು. ಪಗಡೆಯ ಪಟ್ಟ, ನವಿಲು ಇಂಥ ಚಿತ್ತಾರ ಅದರ ಗುರುತು. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. 8 ಅಡಿ ಉದ್ದ, 6 ಅಡಿ ಅಗಲದ ಒಂದು ಜಮಖಾನೆ ಎಂದುಕೊಳ್ಳಿ. ಸುತ್ತಲೂ ಒಂದೇ ಅಗಲದ ಅಂಚು, ನಡುವೆ ಚಿತ್ತಾರ. ಅಂಚಿಗೆ ಅರ್ಧ ಜಾಗ, ಚಿತ್ತಾರಕ್ಕೆ ಅರ್ಧ ಜಾಗ ಬರಬೇಕು. ಅಂಚಿನ ಅಗಲ ಎಷ್ಟಿರಬೇಕು?

ಬಾಯಿಲೆಕ್ಕದಲ್ಲಿ ಒಂದು ಉತ್ತರ ಊಹಿಸಿ ಇಟ್ಟುಕೊಳ್ಳಿ. ಈಗ ಚಿತ್ರ ಬರೆಯೋಣ. ಅಂಚಿನ ಅಗಲ ಕ್ಷ. ಅಂಚು ಎಡಕ್ಕೂ ಇದೆ, ಬಲಕ್ಕೂ ಇದೆ. ಆದ್ದರಿಂದ ಉದ್ದದಲ್ಲಿ ಹೋಗುವುದು ಒಂದು ಕ್ಷ ಅಲ್ಲ, ಎರಡು ಕ್ಷ. ಮಕ್ಕಳು ಎಡವುವ ಜಾಗ ಇದೇ. ಸೂತ್ರ ಬಾರದೆ ತಪ್ಪುವವರು ಕಡಿಮೆ, ಚಿತ್ರ ಬರೆಯದೆ ತಪ್ಪುವವರೇ ಜಾಸ್ತಿ. ನಡುವಿನ ಚಿತ್ತಾರದ ಉದ್ದ 8 ಕಳೆ 2ಕ್ಷ, ಅಗಲ 6 ಕಳೆ 2ಕ್ಷ. ಇಡೀ ಜಮಖಾನೆ 48 ಚದರ ಅಡಿ, ಅದರ ಅರ್ಧ 24. ಈಗ ಬರೆಯಿರಿ:

(8 − 2ಕ್ಷ)(6 − 2ಕ್ಷ) = 24

ಬಿಡಿಸಿ, ನಾಲ್ಕರಿಂದ ಭಾಗಿಸಿದರೆ,

ಕ್ಷ² − 7ಕ್ಷ + 6 = 0

ಕೂಡಿಸಿದರೆ 7, ಗುಣಿಸಿದರೆ 6 ಆಗುವ ಎರಡು ಸಂಖ್ಯೆ ಯಾವವು? 1 ಮತ್ತು 6. ಉತ್ತರ ಎರಡು ಬಂದವು: ಅಂಚು 1 ಅಡಿ, ಇಲ್ಲವೇ 6 ಅಡಿ.

6 ಅಡಿ ಅಗಲದ ಜಮಖಾನೆಗೆ 6 ಅಡಿಯ ಅಂಚು ಎಲ್ಲಿಂದ ಬಂತು? ಎರಡೂ ಕಡೆ ಆರಾರು ಅಡಿ ಅಂಚು ಹಾಕಲು ಜಮಖಾನೆಯೇ 12 ಅಡಿ ಅಗಲ ಬೇಕು. ಆದರೂ ಸಮೀಕರಣಕ್ಕೆ ಹಾಕಿ ನೋಡಿ: 8ರಲ್ಲಿ 12 ಕಳೆದರೆ ಋಣ 4, 6ರಲ್ಲಿ 12 ಕಳೆದರೆ ಋಣ 6. ಋಣ ಋಣ ಗುಣಿಸಿದರೆ ಧನ 24. ಲೆಕ್ಕ ತಾಳೆಯಾಯಿತು! ಸಮೀಕರಣಕ್ಕೆ ಜಮಖಾನೆ ಗೊತ್ತಿಲ್ಲ. ಗುಣಲಬ್ಧ 24 ಆಗಬೇಕು ಎಂಬುದೊಂದೇ ಅದಕ್ಕೆ ಗೊತ್ತು. ಆ ಮಾತು ನಡೆಸಿಕೊಡುವ ಸಂಖ್ಯೆಗಳನ್ನೆಲ್ಲ ಅದು ಪ್ರಾಮಾಣಿಕವಾಗಿ ತಂದು ಮುಂದಿಡುತ್ತದೆ. ಆರಿಸುವ ಕೆಲಸ ನಮ್ಮದು.

ಇನ್ನೊಂದು ಗಮನಿಸಿ. ‘ಋಣ ಉತ್ತರ ಬಂದರೆ ಬಿಡು, ಧನ ಉತ್ತರ ಬಂದರೆ ತಗೋ’ ಎಂದು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಇಲ್ಲಿ ಎರಡೂ ಧನವೇ, ಆದರೂ ಒಂದನ್ನು ಬಿಡಬೇಕು. ಬಾಯಿಪಾಠದ ನಿಯಮ ಇಲ್ಲಿ ಕೈಕೊಡುತ್ತದೆ; ಜಮಖಾನೆ ನೋಡಿದ ಕಣ್ಣು ಕೈಕೊಡುವುದಿಲ್ಲ. ಅಂದಹಾಗೆ ನಿಮ್ಮ ಊಹೆ ಏನಾಯಿತು? ಬರೀ ಒಂದು ಅಡಿಯ ಅಂಚು ಅರ್ಧ ಜಮಖಾನೆ ನುಂಗುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ. ನಡುವೆ ಉಳಿಯುವುದು 6 ಅಡಿಗೆ 4 ಅಡಿ, 24 ಚದರ ಅಡಿ. ಸರಿಯಾಗಿಯೇ ಇದೆ.

ಎರಡನೆಯ ಲೆಕ್ಕಕ್ಕೆ ಕಲಘಟಗಿಗೆ ಹೋಗೋಣ. ಅದು ಮಲೆನಾಡಿನ ಸೆರಗು. ಅಲ್ಲಿ ಎರಿ ಹೊಲಕ್ಕಿಂತ ಭತ್ತದ ಗದ್ದೆ ಹೆಚ್ಚು. ಒಂದು ಆಯತದ ಗದ್ದೆ. ಉದ್ದ ಅಗಲಕ್ಕಿಂತ ಒಂದು ಸರಪಳಿ ಹೆಚ್ಚು. ಮೂಲೆಯಿಂದ ಎದುರು ಮೂಲೆಗೆ ಅಡ್ಡ ಅಳೆದರೆ 5 ಸರಪಳಿ, ಅಂದರೆ 165 ಅಡಿ. ಗದ್ದೆ ಎಷ್ಟು ಗುಂಟೆ?

ಮೂಲೆಯಿಂದ ಮೂಲೆಗೆ ಗೆರೆ ಎಳೆದ ಕೂಡಲೇ ಆಯತದೊಳಗೆ ಲಂಬಕೋನ ತ್ರಿಭುಜ ಕಾಣುತ್ತದೆ. ಅಗಲದ ವರ್ಗಕ್ಕೆ ಉದ್ದದ ವರ್ಗ ಕೂಡಿಸಿದರೆ ವಿಕರ್ಣದ ವರ್ಗ. ಅಗಲ ಕ್ಷ ಆದರೆ ಉದ್ದ ಕ್ಷ ಕೂಡಿಸು 1.

ಕ್ಷ² + (ಕ್ಷ + 1)² = 25

ಇದನ್ನು ಅಚ್ಚುಕಟ್ಟು ಮಾಡಿದರೆ

ಕ್ಷ² + ಕ್ಷ − 12 = 0

ಉತ್ತರಗಳು 3 ಮತ್ತು ಋಣ 4. ಅಗಲ ಋಣವಾಗಿರಲು ಸಾಧ್ಯವಿಲ್ಲ. ಆದ್ದರಿಂದ ಅಗಲ 3 ಸರಪಳಿ, ಉದ್ದ 4 ಸರಪಳಿ, ಗದ್ದೆ 12 ಗುಂಟೆ.

ನಾವು ಬಿಟ್ಟ ಋಣ 4 ಯಾವುದು ನೋಡಿದಿರಾ? ಅದು ಗದ್ದೆಯ ಉದ್ದವೇ, ಋಣ ಚಿಹ್ನೆ ಹೊತ್ತುಕೊಂಡು ಬಂದದ್ದು. ಇದು ಆಕಸ್ಮಿಕ ಅಲ್ಲ. ವರ್ಗ ಮಾಡಿದಾಗ ಋಣದ ಗುರುತು ಅಳಿಸಿಹೋಗುತ್ತದೆ. ಹಾಗಾಗಿ 3 ಮತ್ತು 4ರ ಜೋಡಿ ಸರಿಯಾದಂತೆ ಋಣ 4 ಮತ್ತು ಋಣ 3ರ ಜೋಡಿಯೂ ಸರಿಯಾಗುತ್ತದೆ. ಋಣ 4ಕ್ಕೆ ಒಂದು ಕೂಡಿಸಿದರೆ ಋಣ 3. ಬಿಟ್ಟ ಉತ್ತರವನ್ನೂ ಒಮ್ಮೆ ಮಾತಾಡಿಸಿ ಬಿಡಬೇಕು ಎಂದು ಮಕ್ಕಳಿಗೆ ಹೇಳುವುದು ಇದಕ್ಕೇ.

ಮೂರನೆಯ ಲೆಕ್ಕ ಬೆಣ್ಣಿಹಳ್ಳದ ದಂಡೆಯದು. ಕುಂದಗೋಳದ ಕಡೆಯಿಂದ ಬಂದು ನವಲಗುಂದದ ಎರಿ ಬಯಲು ಹಾದು ಮಲಪ್ರಭೆ ಸೇರುವ ಹಳ್ಳ. ಮಳೆಗಾಲದಲ್ಲಿ ಸೊಕ್ಕಿ ಹರಿದರೆ ದಂಡೆಯ ಬೆಳೆಯನ್ನೂ ಮಣ್ಣನ್ನೂ ಒಯ್ಯುತ್ತದೆ. ಒಬ್ಬ ರೈತನ ದೊಡ್ಡ ಹೊಲ ಹಳ್ಳಕ್ಕೆ ಹತ್ತಿದೆ. ಅದರಲ್ಲಿ 100 ಗುಂಟೆ ಜಾಗಕ್ಕೆ ಆಯತಾಕಾರದಲ್ಲಿ ತಂತಿ ಬೇಲಿ ಹಾಕಬೇಕು. ಹಳ್ಳದ ಬದಿಗೆ ಬೇಲಿ ಬೇಡ, ಉಳಿದ ಮೂರು ಬದಿಗೆ ಬೇಕು. ಅವನ ಹತ್ತಿರ ಇರುವ ತಂತಿ 30 ಸರಪಳಿ ದೂರಕ್ಕೆ ಸಾಲುತ್ತದೆ, ಅಂದರೆ 990 ಅಡಿ. ತಂತಿಯೆಲ್ಲ ಮುಗಿಯಬೇಕು, ನೆಲ 100 ಗುಂಟೆ ಆಗಬೇಕು. ಬೇಲಿಯ ಅಳತೆ ಹೇಗೆ?

ಹಳ್ಳದಿಂದ ಹೊಲದೊಳಕ್ಕೆ ಬರುವ ಬದಿ ಕ್ಷ. ಅಂಥವು ಎರಡು. ತಂತಿಯಲ್ಲಿ ಉಳಿದದ್ದು 30 ಕಳೆ 2ಕ್ಷ. ಅದು ಹಳ್ಳಕ್ಕೆ ಸಮನಾಗಿ ಓಡುವ ಬದಿ.

ಕ್ಷ(30 − 2ಕ್ಷ) = 100

ಎರಡರಿಂದ ಭಾಗಿಸಿ ಒಂದೇ ಕಡೆಗೆ ತಂದರೆ

ಕ್ಷ² − 15ಕ್ಷ + 50 = 0

ಕೂಡಿಸಿದರೆ 15, ಗುಣಿಸಿದರೆ 50: ಉತ್ತರ 5 ಮತ್ತು 10. ಈಗ ಯಾವುದನ್ನು ಬಿಡುತ್ತೀರಿ? 5 ಹಾಕಿದರೆ ಹಳ್ಳದ ಗುಂಟ ಉದ್ದ 20. 5 ಇಪ್ಪತ್ತಲೆ 100. 10 ಹಾಕಿದರೆ ಹಳ್ಳದ ಗುಂಟ 10. 10 ಹತ್ತಲೆ 100. ಎರಡಕ್ಕೂ ತಂತಿ 30 ಸರಪಳಿಯೇ ಬೇಕು. ಎರಡೂ ಸರಿ. ಗಣಿತ ಇಲ್ಲಿಗೆ ಕೈ ಮುಗಿದು ನಿಲ್ಲುತ್ತದೆ. ಮುಂದಿನದು ರೈತನ ವಿಚಾರ. ಹಳ್ಳ ದಂಡೆ ಕೊರೆಯುವ ಜಾಗವಾದರೆ 20 ಸರಪಳಿ ದಂಡೆ ಯಾರು ಹಿಡಿಯುತ್ತಾರೆ? 10 ಸರಪಳಿ ಚೌಕವೇ ವಾಸಿ. ಬೇಸಿಗೆಯಲ್ಲಿ ದನ ನೀರಿಗಿಳಿಸಲು, ಪಂಪು ಇಡಲು ದಂಡೆ ಬೇಕು ಎನ್ನುವವನು 20 ಸರಪಳಿಯನ್ನೇ ಹಿಡಿದಾನು. ಈ ಆಯ್ಕೆಯಲ್ಲಿ ಹೊಲ ನೋಡದ ಪರೀಕ್ಷಕನಿಗಿಂತ ಕುಂದಗೋಳದ ಹುಡುಗನಿಗೇ ಹೆಚ್ಚು ತಿಳಿವಳಿಕೆ ಇರುತ್ತದೆ.

ಅದೇ ರೈತ ಆಸೆಬುರುಕನಾಗಿ ‘ಇಷ್ಟೇ ತಂತಿಯೊಳಗ ಮೂರು ಎಕರೆ ಕೂಡಿಸಿ ಕೊಡ್ರಿ’ ಎಂದರೆ? ಮೂರು ಎಕರೆ ಅಂದರೆ 120 ಗುಂಟೆ. ಆಗ ಬೇಕಾದದ್ದು, ಕೂಡಿಸಿದರೆ 15, ಗುಣಿಸಿದರೆ 60 ಆಗುವ ಜೋಡಿ. ಹುಡುಕಿ ನೋಡಿ, ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ? 15ರ ಅರ್ಧ ಏಳೂವರೆ. ಎರಡು ಸಂಖ್ಯೆಗಳು ಏಳೂವರೆಯಿಂದ ಆಚೆಗೊಂದು ಈಚೆಗೊಂದು ಸಮದೂರದಲ್ಲಿ ಇರಬೇಕು. ಆ ದೂರ ಎಷ್ಟೇ ಇರಲಿ, ಗುಣಲಬ್ಧ ಏಳೂವರೆಯ ವರ್ಗದಿಂದ ಆ ದೂರದ ವರ್ಗ ಕಳೆದಷ್ಟು. ಏಳೂವರೆಯ ವರ್ಗ 56.25. ಗುಣಲಬ್ಧ ಅದಕ್ಕಿಂತ ಮೇಲೆ ಏರುವುದೇ ಇಲ್ಲ. 60 ಬೇಕಾದರೆ ದೂರದ ವರ್ಗ ಋಣ 3.75 ಆಗಬೇಕು, ಅಂಥ ದೂರ ಇಲ್ಲ. ಪಾಠದಲ್ಲಿ ‘ಶೋಧಕ ಸೊನ್ನೆಗಿಂತ ಕಡಿಮೆಯಾದರೆ ವಾಸ್ತವ ಮೂಲಗಳಿಲ್ಲ’ ಎಂದು ಬರೆದಿರುತ್ತದಲ್ಲ, ಅದರ ಅರ್ಥ ಇಷ್ಟೇ: ಈ ತಂತಿಗೆ ಮೂರು ಎಕರೆ ಸಿಗದು. ಹಾಗಾದರೆ ಗರಿಷ್ಠ ಎಷ್ಟು ಸಿಕ್ಕೀತು? ಒಳಬದಿ ಏಳೂವರೆ, ಹಳ್ಳದ ಗುಂಟ 15 ಸರಪಳಿ. 112.5 ಗುಂಟೆ, ಅಂದರೆ 2 ಎಕರೆ 32 ಗುಂಟೆ 8 ಆಣೆ. ಅದರ ಮೇಲೆ ಒಂದು ಆಣೆಯೂ ಬರುವುದಿಲ್ಲ. ಆಗದ್ದನ್ನು ಆಗದು ಎಂದು ಖಾತ್ರಿಯಾಗಿ ಹೇಳುವುದೂ ಗಣಿತದ ಉಪಕಾರವೇ.

ಮೊತ್ತ ಮತ್ತು ಗುಣಲಬ್ಧ ಕೊಟ್ಟು ಎರಡು ಬದಿ ಹುಡುಕುವ ಈ ಅರ್ಧ ಮಾಡುವ ಉಪಾಯ ಸುಮಾರು 4000 ವರ್ಷ ಹಿಂದೆ ಬ್ಯಾಬಿಲೋನಿನ ಜನಕ್ಕೆ ಗೊತ್ತಿತ್ತು. ಮಣ್ಣಿನ ಹಲಗೆಗಳಲ್ಲಿ ಅವರು ಬರೆದಿಟ್ಟ ಲೆಕ್ಕಗಳಲ್ಲಿ ಹೊಲದ ಉದ್ದ ಅಗಲಗಳೇ ಇವೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ ‘ಗಣಿತಸಾರಸಂಗ್ರಹ’ ಬರೆದ. ಆಗ ನಮ್ಮ ಈ ನಾಡು ಬೆಳ್ವೊಲ ಮುನ್ನೂರು. ಅಣ್ಣಿಗೇರಿ ಅದರ ಮುಖ್ಯ ಪಟ್ಟಣ. ಮಹಾವೀರ ತನ್ನ ಪುಸ್ತಕದ ಆರಂಭದಲ್ಲೇ ಅಮೋಘವರ್ಷನನ್ನು ಹೊಗಳಿದ್ದಾನೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಎಂದು ಸ್ಪಷ್ಟವಾಗಿ ಬರೆದವನು ಇವನೇ. ನಮ್ಮ ಬೆಣ್ಣಿಹಳ್ಳದ ರೈತನಿಗೆ ಮೂರು ಎಕರೆ ಸಿಗದ ಕಾರಣವನ್ನು 1100 ವರ್ಷಕ್ಕೂ ಹಿಂದೆ ಹೇಳಿಟ್ಟಂತಾಯಿತು. ಕ್ಷೇತ್ರಗಣಿತದಲ್ಲಿ ಅವನು ‘ಪೈಶಾಚಿಕ’ ಎಂದು ಒಂದು ಬಗೆಯ ಲೆಕ್ಕಗಳನ್ನೇ ಬೇರೆ ಇಟ್ಟಿದ್ದಾನೆ. ವಿಸ್ತೀರ್ಣದ ಸಂಖ್ಯೆ, ಸುತ್ತಳತೆಯ ಸಂಖ್ಯೆ, ಕರ್ಣದ ಸಂಖ್ಯೆ ಇವನ್ನು ಒಂದಕ್ಕೊಂದು ಸಮ ಮಾಡಿ ಬದಿ ಹೇಳು ಎನ್ನುವಂಥವು. ಹೇಳಿಕೆ ಲೆಕ್ಕಕ್ಕೆ ಆಗಿನ ಶಿಷ್ಯರೂ ಬೆವರಿದ್ದರು ಎಂದು ನಮ್ಮ ಮಕ್ಕಳು ಸಮಾಧಾನಪಡಬಹುದು.

ಕನ್ನಡದಲ್ಲೇ ಗಣಿತ ಬರೆದವನು 12ನೆಯ ಶತಮಾನದ ರಾಜಾದಿತ್ಯ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ ಇವು ಅವನ ಕೃತಿಗಳು. ಅದೇ ಶತಮಾನದಲ್ಲಿ ಭಾಸ್ಕರಾಚಾರ್ಯ ಸಂಸ್ಕೃತದಲ್ಲಿ ‘ಬೀಜಗಣಿತ’ ಬರೆದ. ವರ್ಗ ಸಮೀಕರಣ ಬಿಡಿಸಲು ಶ್ರೀಧರಾಚಾರ್ಯ ಹೇಳಿದ ದಾರಿಯನ್ನು ಅದರಲ್ಲಿ ಉದಾಹರಿಸಿ ಉಳಿಸಿಕೊಟ್ಟಿದ್ದಾನೆ. ಶ್ರೀಧರನ ಬೀಜಗಣಿತದ ಪುಸ್ತಕ ಇಂದು ಸಿಗುವುದಿಲ್ಲ. ಆ ದಾರಿ ಬಹಳ ಚೊಕ್ಕ. ನಮ್ಮ ಜಮಖಾನೆಯ ಲೆಕ್ಕಕ್ಕೇ ಹಚ್ಚಿ ನೋಡೋಣ. ಕ್ಷ² − 7ಕ್ಷ ಸಮ ಋಣ 6. ಕ್ಷ ವರ್ಗದ ಸಹಗುಣಕದ ನಾಲ್ಕು ಪಟ್ಟಿನಿಂದ, ಇಲ್ಲಿ ಬರೀ 4ರಿಂದ, ಎರಡೂ ಕಡೆ ಗುಣಿಸಿ: 4ಕ್ಷ² − 28ಕ್ಷ ಸಮ ಋಣ 24. ಕ್ಷದ ಸಹಗುಣಕದ ವರ್ಗ 49ನ್ನು ಎರಡೂ ಕಡೆ ಕೂಡಿಸಿ. ಬಲಗಡೆ 25 ಆಯಿತು. ಎಡಗಡೆ 2ಕ್ಷ ಕಳೆ 7, ಇದರ ವರ್ಗ ಆಯಿತು. ಆದ್ದರಿಂದ 2ಕ್ಷ ಕಳೆ 7 ಎಂಬುದು ಧನ 5 ಅಥವಾ ಋಣ 5. ಕ್ಷ 6 ಅಥವಾ 1. ಭಿನ್ನರಾಶಿಯ ತಕರಾರೇ ಇಲ್ಲ. ಪಠ್ಯಪುಸ್ತಕದ ಸೂತ್ರ ಹುಟ್ಟಿದ್ದು ಈ ಹೆಜ್ಜೆಗಳಿಂದಲೇ.

ಭಾಸ್ಕರನ ಎರಡು ಮಂಗಗಳ ಲೆಕ್ಕ ಹೇಳಲೇಬೇಕು. ಮೊದಲನೆಯದು: ಮಂಗಗಳ ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲೆ ಕೂಗುತ್ತಿವೆ. ಹಿಂಡು ಎಷ್ಟು? 48 ಬರುತ್ತದೆ, 16ಊ ಬರುತ್ತದೆ. ಎರಡನ್ನೂ ಅವನು ಒಪ್ಪುತ್ತಾನೆ. ಎರಡನೆಯದು: ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದರೆ ಎಷ್ಟೋ ಅಷ್ಟು ಮಂಗಗಳು ಗುಹೆ ಹೊಕ್ಕವು, ಒಂದು ಕೊಂಬೆಯ ಮೇಲೆ ಕಾಣುತ್ತಿದೆ. ಇದಕ್ಕೆ ಉತ್ತರ 50 ಮತ್ತು 5. ಇಲ್ಲಿ 5 ಬೇಡ ಎನ್ನುತ್ತಾನೆ ಭಾಸ್ಕರ. ಐದರ ಐದನೆಯ ಭಾಗ ಒಂದು. ಅದರಲ್ಲಿ ಮೂರು ಕಳೆಯುವುದು ಹೇಗೆ? ಋಣ ಮಂಗಗಳನ್ನು ಲೋಕ ಒಪ್ಪುವುದಿಲ್ಲ ಎಂಬರ್ಥದ ಮಾತು ಬರೆದಿದ್ದಾನೆ. ಬೆಣ್ಣಿಹಳ್ಳದ ಲೆಕ್ಕದಲ್ಲಿ ಎರಡೂ ಇಟ್ಟುಕೊಂಡೆವು, ಜಮಖಾನೆಯ ಲೆಕ್ಕದಲ್ಲಿ ಒಂದು ಬಿಟ್ಟೆವು. ಆ ವಿವೇಕಕ್ಕೆ ಇಷ್ಟು ಹಳೆಯ ಆಧಾರವಿದೆ.

ಕೊನೆಯ ಲೆಕ್ಕ ಕೃಷಿ ಹೊಂಡದ್ದು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳಲ್ಲೂ ಹೊಂಡದ ಮಾತು ಮನೆಮಾತಾಯಿತು. ‘18 ಮೀಟರ್ ಚೌಕ, 3 ಮೀಟರ್ ಆಳ’ ಎಂದು ಅಳತೆ ಹೇಳುತ್ತಾರೆ. ಎಷ್ಟು ನೀರು ಹಿಡಿದೀತು ಎಂದರೆ 18 ಗುಣಿಸು 18 ಗುಣಿಸು 3, 972 ಘನ ಮೀಟರ್, ಸುಮಾರು ಒಂಬತ್ತೂ ಮುಕ್ಕಾಲು ಲಕ್ಷ ಲೀಟರ್ ಎಂದು ಲೆಕ್ಕ ಹಾಕುವವರಿದ್ದಾರೆ. ಹೊಂಡ ಪೆಟ್ಟಿಗೆಯಲ್ಲ. ಎರಿ ಮಣ್ಣಿನ ದಂಡೆಯನ್ನು ನೆಟ್ಟಗೆ ಕಡಿದರೆ ಮೊದಲ ಮಳೆಗೇ ಕುಸಿಯುತ್ತದೆ. ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಒಳಸರಿಯುವಂತೆ ಇಳಿಜಾರು ಬಿಟ್ಟರೆ, 3 ಮೀಟರ್ ಇಳಿಯುವಷ್ಟರಲ್ಲಿ ಪ್ರತಿ ಕಡೆ ನಾಲ್ಕೂವರೆ ಮೀಟರ್ ಒಳಗೆ ಬಂದಿರುತ್ತೇವೆ. ಎರಡೂ ಕಡೆ ಸೇರಿ 9. ಅಂದರೆ ಮೇಲಿನ ಬಾಯಿ ಕ್ಷ ಮೀಟರ್ ಆದರೆ ತಳ ಕ್ಷ ಕಳೆ 9.

ಈಗ ಪ್ರಶ್ನೆಯನ್ನು ರೈತ ಕೇಳುವ ರೀತಿಯಲ್ಲೇ ಕೇಳೋಣ. ಎರಡು ಎಕರೆ ಬೆಳೆ ಒಣಗುವ ಹೊತ್ತಿಗೆ 7 ಸೆಂಟಿಮೀಟರ್ ನಿಲ್ಲುವಷ್ಟು ನೀರು ಕೊಡಬೇಕು. ಒಂದು ಎಕರೆ ಸುಮಾರು 4047 ಚದರ ಮೀಟರ್. ಎರಡು ಎಕರೆಗೆ 7 ಸೆಂಟಿಮೀಟರ್ ಅಂದರೆ ಹತ್ತಿರ ಹತ್ತಿರ 567 ಘನ ಮೀಟರ್, 5 ಲಕ್ಷ 67 ಸಾವಿರ ಲೀಟರ್. ಆವಿಯಾಗಿ, ಇಂಗಿ ಹೋಗುವುದನ್ನು ಸದ್ಯ ಬದಿಗಿಡೋಣ. ಹೊಂಡದ ಬಾಯಿ ಎಷ್ಟಿರಬೇಕು?

ಇಂಥ ಹೊಂಡಕ್ಕೆ ಮಹಾವೀರಾಚಾರ್ಯ ತನ್ನ ಪುಸ್ತಕದ ಖಾತವ್ಯವಹಾರ ಎಂಬ ಭಾಗದಲ್ಲಿ ಒಂದು ಕ್ರಮ ಹೇಳಿದ್ದಾನೆ. ಅವನಿಗಿಂತ ಮೊದಲು, 628ರಲ್ಲಿ, ಬ್ರಹ್ಮಗುಪ್ತನೂ ಹೇಳಿದ್ದ. ಬಾಯಿಯ ಬದಿ, ತಳದ ಬದಿ ಇವುಗಳ ಸರಾಸರಿ ತೆಗೆದು ವರ್ಗ ಮಾಡಿ ಆಳದಿಂದ ಗುಣಿಸು. ಇದು ಕರ್ಮಾಂತಿಕ ಫಲ, ಸ್ವಲ್ಪ ಕಡಿಮೆ ಬರುತ್ತದೆ. ಬಾಯಿಯ ವಿಸ್ತೀರ್ಣ, ತಳದ ವಿಸ್ತೀರ್ಣ ಇವುಗಳ ಸರಾಸರಿ ತೆಗೆದು ಆಳದಿಂದ ಗುಣಿಸು. ಇದು ಔಂಡ್ರ ಫಲ, ಸ್ವಲ್ಪ ಜಾಸ್ತಿ ಬರುತ್ತದೆ. ಎರಡರ ವ್ಯತ್ಯಾಸದ ಮೂರನೆಯ ಒಂದು ಭಾಗವನ್ನು ಮೊದಲನೆಯದಕ್ಕೆ ಕೂಡಿಸಿದರೆ ಸೂಕ್ಷ್ಮ ಫಲ. ಇವತ್ತಿನ ಸೂತ್ರಕ್ಕೂ ಇದಕ್ಕೂ ಕೂದಲೆಳೆಯ ಅಂತರವೂ ಇಲ್ಲ.

ನಮ್ಮ ಹೊಂಡದಲ್ಲಿ ಸರಾಸರಿ ಬದಿ ಕ್ಷ ಕಳೆ ನಾಲ್ಕೂವರೆ. ಹೊಂಡದ ಅರ್ಧ ಆಳಕ್ಕೆ ಇಳಿದು ನಿಂತರೆ ಅಲ್ಲಿರುವ ಅಗಲ ಅದೇ. ವ್ಯತ್ಯಾಸದ ಮೂರನೆಯ ಭಾಗ ಲೆಕ್ಕ ಹಾಕಿದರೆ ಬಾಯಿ ಎಷ್ಟೇ ಇರಲಿ 20.25 ಬರುತ್ತದೆ. ಹಾಗಾಗಿ

3(ಕ್ಷ − 4.5)² + 20.25 = 567

20.25 ಕಳೆಯಿರಿ, 546.75. ಮೂರರಿಂದ ಭಾಗಿಸಿ, 182.25. ವರ್ಗಮೂಲ 13.5. ಅದಕ್ಕೆ 4.5 ಕೂಡಿಸಿದರೆ 18. ಬಾಯಿ 18 ಮೀಟರ್, ತಳ 9 ಮೀಟರ್. ಅಂದರೆ 972 ಎಂದುಕೊಂಡಿದ್ದ 18 ಮೀಟರ್ ಹೊಂಡ ಹಿಡಿಯುವುದು 567 ಮಾತ್ರ. ಸುಮಾರು ನಾಲ್ಕು ಲಕ್ಷ ಲೀಟರ್ ನೀರು ಬರೀ ಕಾಗದದ ಮೇಲಿತ್ತು! ಅಗೆತದ ಕೂಲಿಯೋ ಜೆಸಿಬಿ ಬಾಡಿಗೆಯೋ ಘನ ಮೀಟರ್ ಲೆಕ್ಕದಲ್ಲಿ ಕೊಡುವವರಿಗೆ ಈ ವ್ಯತ್ಯಾಸ ಜೇಬಿಗೇ ತಟ್ಟುತ್ತದೆ. ಇನ್ನೊಂದು ಉತ್ತರ ಋಣ 9. ಗದ್ದೆಯ ಲೆಕ್ಕದಂತೆ ಇಲ್ಲೂ ಬಿಟ್ಟ ಉತ್ತರ ಹೊಂಡದ ತಳವನ್ನೇ ಋಣ ಚಿಹ್ನೆಯೊಂದಿಗೆ ತೋರಿಸಿ ಹೋಗುತ್ತದೆ.

ಪಾಠದಲ್ಲಿ ‘ವರ್ಗ ಪೂರ್ಣಗೊಳಿಸುವ ವಿಧಾನ’ ಎಂದರೆ ಮಕ್ಕಳಿಗೆ ಅದೊಂದು ಕಸರತ್ತು ಅನಿಸುತ್ತದೆ. ಈ ಹೊಂಡದಲ್ಲಿ ಅದಕ್ಕೆ ನೆಲವಿದೆ. ಕ್ಷದಿಂದ ನಾಲ್ಕೂವರೆ ಕಳೆಯುವುದು ಅಂದರೆ ಹೊಂಡದ ಅರ್ಧಕ್ಕೆ ಇಳಿಯುವುದು. ಅಲ್ಲಿ ನಿಂತು ನೋಡಿದರೆ ಸಮೀಕರಣ ಬರೀ ಒಂದು ವರ್ಗವಾಗಿ ಕಾಣುತ್ತದೆ.

ವಿದ್ಯಾರ್ಥಿಗಳೆ, ನಿಮಗೆ ಹೇಳುವುದಿಷ್ಟು. ಲೆಕ್ಕ ಓದಿದ ಕೂಡಲೇ ಸೂತ್ರಕ್ಕೆ ಕೈ ಹಾಕಬೇಡಿ. ಮೊದಲು ಚಿತ್ರ ಬರೆಯಿರಿ. ಕ್ಷ ಅಂದರೆ ಯಾವ ಅಳತೆ, ಅಡಿಯೋ ಮೀಟರೋ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಉಳಿದ ಅಳತೆಗಳನ್ನೆಲ್ಲ ಚಿತ್ರದ ಮೇಲೆಯೇ ಕ್ಷದಲ್ಲಿ ಗುರುತು ಮಾಡಿ. ಆಮೇಲೆ ಸಮೀಕರಣ. ಉತ್ತರ ಎರಡು ಬಂದಾಗ ಎರಡನ್ನೂ ಚಿತ್ರಕ್ಕೆ ಒಯ್ದು ಇಟ್ಟು ನೋಡಿ. ಒಂದನ್ನು ಬಿಡುವುದಾದರೆ ಯಾಕೆ ಬಿಟ್ಟಿರಿ ಎಂದು ಬರೆಯಿರಿ. ಪರೀಕ್ಷೆಯಲ್ಲಿ ಹಂತಗಳಿಗೂ ಅಂಕವಿದೆ. ನಿಮ್ಮ ಪುಸ್ತಕದ ಪಾಠ ಶುರುವಾಗುವುದೇ ಪ್ರಾರ್ಥನಾ ಮಂದಿರದ ಲೆಕ್ಕದಿಂದ: ನೆಲ 300 ಚದರ ಮೀಟರ್, ಉದ್ದ ಅಗಲದ ಎರಡು ಪಟ್ಟಿಗಿಂತ ಒಂದು ಮೀಟರ್ ಹೆಚ್ಚು. ಅಗಲ 12, ಉದ್ದ 25 ಬರುತ್ತದೆ. ನಿಮ್ಮೂರ ದ್ಯಾಮವ್ವನ ಗುಡಿಯ ಅಂಗಳವನ್ನು ಅಳೆದು ಅದೇ ಲೆಕ್ಕವನ್ನು ಕಟ್ಟಿ ನೋಡಿ. ಲೆಕ್ಕ ಬಿಡಿಸುವುದಕ್ಕಿಂತ ಲೆಕ್ಕ ಕಟ್ಟುವುದರಲ್ಲಿ ಹೆಚ್ಚು ಕಲಿಯುತ್ತೀರಿ.

ಗಣಿತ ಶಿಕ್ಷಕರಲ್ಲಿ, ಪಾಲಕರಲ್ಲಿ ನನ್ನದೊಂದು ವಿನಂತಿ. ವರ್ಗ ಸಮೀಕರಣದ ಪಾಠ ಬಂದಾಗ ಒಂದು ದಿನವಾದರೂ ಮಕ್ಕಳ ಕೈಗೆ 33 ಅಡಿಯ ಹಗ್ಗ ಕೊಟ್ಟು ಹೊಲಕ್ಕೆ ಕರೆದುಕೊಂಡು ಹೋಗಿ. ಹತ್ತಿರದ ಕೃಷಿ ಹೊಂಡದ ಬಾಯಿ, ತಳ, ಆಳ ಅಳೆಸಿ. ಎಷ್ಟು ನೀರು ಹಿಡಿಯುತ್ತದೆ ಎಂದು ಅವರಿಂದಲೇ ಹೇಳಿಸಿ. ಹೊಂಡ ತೋಡಿಸಿದ ರೈತನಿಗೂ ಆ ಲೆಕ್ಕ ಬೇಕು.